ಮೆಂತ್ಯದ ನೀರು ಕುಡಿದು ಕಾಳು ಎಸೆಯುವವರಿಗೆ

ಮೊನ್ನೆ ಬೆಳಗ್ಗೆ ನಮ್ಮ ಸೊಸೆ ಸಿಂಕ್ ಹತ್ತಿರ ನಿಂತು, ಮೂಗು ಹಿಡಿದುಕೊಂಡು, ತೂಕ ಇಳಿಯಲಿ ಅಂತ ಮೆಂತ್ಯ ನೆನೆಸಿದ ನೀರನ್ನು ಗಟಗಟ ಕುಡಿದಳು. ಆಮೇಲೆ ಉಬ್ಬಿದ ಕಾಳನ್ನೆಲ್ಲ ಕಸದ ಡಬ್ಬಿಗೆ ಸುರಿದಳು. ಹೊಟ್ಟೆ ಉರಿಯಿತು ನನಗೆ. ಅಲ್ಲಮ್ಮ, ಇರುವುದೆಲ್ಲ ಆ ಕಾಳಿನಲ್ಲೇ ಅಲ್ವಾ? ಬೆರಳಿಗೆ ಜಾರುವ ಲೋಳೆ ಇದೆಯಲ್ಲ, ಅದಕ್ಕೆ ಗ್ಯಾಲಕ್ಟೋಮನ್ನನ್ ಅಂತ ಹೆಸರು, ನಾರು ಅದು. ನೀರು ಹೀರಿ ಅಂಟಾಗಿ, ಉಂಡದ್ದು ಹೊಟ್ಟೆಯಿಂದ ನಿಧಾನವಾಗಿ ಕೆಳಗಿಳಿಯುವ ಹಾಗೆ ಮಾಡುತ್ತದೆ. ಸಕ್ಕರೆ ಒಂದೇ ಸಲ ರಕ್ತಕ್ಕೆ ನುಗ್ಗುವುದಿಲ್ಲ. ಹಸಿವೂ ತಡವಾಗಿ ಬರುತ್ತದೆ.

ನಮ್ಮತ್ತೆ ಮಂಡ್ಯ ಕಡೆ ಹಳ್ಳಿಯವರು. ಅವರಿಗೆ ಈ ಹೆಸರೆಲ್ಲ ಎಲ್ಲಿ ಗೊತ್ತು, ಕೈಗೆ ಮಾತ್ರ ಗೊತ್ತಿತ್ತು. ಸಂಜೆ ದೀಪ ಹಚ್ಚುವ ಹೊತ್ತಿಗೆ ಒಂದು ಹಿಡಿ ಮೆಂತ್ಯ ನೆನೆಹಾಕುತ್ತಿದ್ದರು. ಬೆಳಗ್ಗೆ ನೀರು ಬಸಿದು, ಮಾವನ ಹಳೇ ಪಂಚೆ ತುಂಡಲ್ಲಿ ಗಂಟು ಕಟ್ಟಿ ತೊಲೆಗೆ ನೇತು ಹಾಕುವುದು. ಗಂಟು ಬಿಗಿಯಾಗಬಾರದು, ಕಾಳಿಗೆ ಗಾಳಿ ಆಡಬೇಕು. ಡಬ್ಬಿಯಲ್ಲಿ ಮುಚ್ಚಿಟ್ಟರೆ ಹುಳಿ ವಾಸನೆ ಗ್ಯಾರಂಟಿ. ಮಧ್ಯಾಹ್ನ ಒಂದು ಸಲ, ರಾತ್ರಿ ಒಂದು ಸಲ ಗಂಟಿನ ಮೇಲೆ ನೀರು ಚಿಮುಕಿಸಿ, ಸಾಕು. ನಲ್ಲಿ ಕೆಳಗೆ ಹಿಡಿದು ತಿಕ್ಕಿ ತೊಳೆದರೆ ಲೋಳೆಯೆಲ್ಲ ಚರಂಡಿ ಪಾಲು. ಮಾರನೇ ದಿನ ಬಿಚ್ಚಿ ನೋಡಿ, ಕಾಳು ಬಾಯಿ ಬಿಟ್ಟು ಬಿಳಿ ಮೂತಿ ಇಣುಕುತ್ತಿರುತ್ತದೆ. ಅಲ್ಲಿಗೆ ನಿಲ್ಲಿಸಿ! ಮೊಳಕೆ ಉದ್ದ ಬರಲಿ ಅಂತ ಫೋಟೋ ತೆಗೆಯುತ್ತಾ ಕೂತರೆ, ಆ ನಾರನ್ನೇ ತಿಂದು ಮೊಳಕೆ ಬೆಳೆಯುತ್ತದೆ, ನಿಮಗೆ ಉಳಿಯುವುದು ಕಡಿಮೆ. ಮೂತಿ ಇಣುಕುವ ಹೊತ್ತಿಗೆ ಕಹಿಯೂ ಸ್ವಲ್ಪ ಇಳಿದಿರುತ್ತದೆ. ಹೆಸರುಬೇಳೆ ಕೋಸಂಬರಿಗೆ ಒಂದು ಚಮಚ ಸೇರಿಸಿ, ನಿಂಬೆಹಣ್ಣು ಹಿಂಡಿ, ಅಗಿದು ತಿನ್ನಿ. ಮೊದಲ ದಿನವೇ ಹಿಡಿಗಟ್ಟಲೆ ತಿಂದರೆ ಹೊಟ್ಟೆ ಗುಡುಗುತ್ತದೆ, ಆಮೇಲೆ ನನ್ನನ್ನು ಬೈಯಬೇಡಿ.

ಅಂದಹಾಗೆ ಆ ಬಟ್ಟೆಯನ್ನು ವಾಷಿಂಗ್ ಮೆಷಿನ್ನಿಗೆ ಹಾಕಬೇಡಿ. ಸೋಪಿನ ಘಮ ಕಾಳಿಗೆ ಹತ್ತುತ್ತದೆ. ಕುದಿಯುವ ನೀರಲ್ಲಿ ಅದ್ದಿ ಬಿಸಿಲಿಗೆ ಹಾಕಿ.

ಇನ್ನು ಸೊಸೆಯ ತೂಕ ಇಳಿಸುವ ಕ್ಯಾಪ್ಸೂಲ್. ಗಾರ್ಸಿನಿಯಾ ಅಂತ ಆನ್‌ಲೈನಲ್ಲಿ ತರಿಸಿದ್ದಳು. ನೋಡಿದರೆ ನಮ್ಮ ಮಲೆನಾಡಿನ ಉಪ್ಪಗೆ! ಸಾರಿಗೆ ಹುಳಿಗೆ ಹಾಕುವುದು ಬೇರೆ, ಅದರ ಆಮ್ಲವನ್ನು ಹಿಂಡಿ ಮಾತ್ರೆ ಮಾಡಿ ದಿನಾ ನುಂಗುವುದು ಬೇರೆ. ಅಂಥವು ನುಂಗಿ ಲಿವರ್ ಕೆಡಿಸಿಕೊಂಡವರಿದ್ದಾರೆ. ಗ್ರೀನ್ ಟೀ ಸಾರದ ಮಾತ್ರೆಯ ಕತೆಯೂ ಅದೇ. ಲೋಟದಲ್ಲಿ ಕುಡಿಯಿರಿ, ಯಾರು ಬೇಡ ಅಂದರು?

ತೂಕದ ಮೆಷಿನ್ ಒಂದನ್ನೇ ನಂಬಿಕೊಂಡು ಕೂರಬೇಡಿ, ಟೇಪು ತಗೊಂಡು ಸೊಂಟ ಅಳೆಯಿರಿ. ನಮ್ಮ ದೇಶದ ಹೆಂಗಸರಿಗೆ 80 ಸೆಂಟಿಮೀಟರ್, ಗಂಡಸರಿಗೆ 90 ದಾಟಿದರೆ ಸಕ್ಕರೆ ಕಾಯಿಲೆ, ಬಿಪಿ, ಹೃದಯದ ತೊಂದರೆ ಬರುವ ಸಾಧ್ಯತೆ ಜಾಸ್ತಿ. ಅತ್ತೆ ರಾಗಿ ಮುದ್ದೆ ಉಂಡು ದಿನವಿಡೀ ಗದ್ದೆಯಲ್ಲಿ ಬಗ್ಗಿ ನಾಟಿ ಹಾಕುತ್ತಿದ್ದರು. ಕೂತಲ್ಲೇ ಇದ್ದು ಮೆಂತ್ಯ ತಿಂದರೆ ಸೊಂಟ ಕರಗುತ್ತದೆಯೇ? ಕುಕ್ಕರಹಳ್ಳಿ ಕೆರೆ ಸುತ್ತ ಒಂದು ಸುತ್ತು ನಡೆಯಲಿಕ್ಕೇನು ಕಷ್ಟ!

ಸಕ್ಕರೆ ಮಾತ್ರೆ, ರಕ್ತ ತೆಳುವಾಗುವ ಮಾತ್ರೆ ತಗೊಳ್ಳುವವರು ಡಾಕ್ಟರನ್ನು ಕೇಳಿಯೇ ಮೆಂತ್ಯ ಶುರು ಮಾಡಿ. ಬಸುರಿಯರಿಗೆ ಇದು ಬೇಡವೇ ಬೇಡ. ಬೆವರೆಲ್ಲ ಮೆಂತ್ಯದ ವಾಸನೆ ಬರುತ್ತದೆ ಅಂತ ಸೊಸೆ ಗೊಣಗಿದಳು. ಬರುತ್ತದೆ, ನಿಜ. ಸ್ನಾನ ಮಾಡಿ.