ಬಿಸಿಲಿಗಿಂತ ಮೊದಲು ಗಾಳಿ ನೋಡಿ

ಮಳೆಗಾಲ ಶುರುವಾದರೆ ಸಾಕು, ಮನೆಯ ಕಿರಿಯರು ಫೋನ್ ಮಾಡಿ ಕೇಳುವುದು ಒಂದೇ ಮಾತು. ಬಟ್ಟೆ ಒಣಗುತ್ತಿಲ್ಲ, ಮುಗ್ಗಲು ವಾಸನೆ, ಏನು ಮಾಡೋದು? ನಾನು ಹೇಳುವುದೂ ಒಂದೇ. ಬಿಸಿಲಿಗೆ ಕಾಯಬೇಡಿ, ಗಾಳಿ ಹುಡುಕಿ. ನೀರು ಆವಿಯಾಗಲು ಕುದಿಯಲೇಬೇಕು ಅಂತೇನಿಲ್ಲ. ಸಮುದ್ರ, ಕೆರೆ, ಒದ್ದೆ ಮಣ್ಣು, ಗಿಡದ ಎಲೆ, ನಮ್ಮ ಮೈ, ಎಲ್ಲಿ ಪಸೆ ಇದೆಯೋ ಅಲ್ಲೆಲ್ಲ ಆವಿ ಏಳುತ್ತಲೇ ಇರುತ್ತದೆ, ರಾತ್ರಿಯೂ ಕೂಡ. ಬಿಸಿಲು ಅದಕ್ಕೆ ಬಲ ಕೊಡುತ್ತದೆ, ನಿಜ. ಆದರೆ ಎದ್ದ ಆವಿ ಅಲ್ಲೇ ಸುತ್ತ ನಿಂತುಬಿಟ್ಟರೆ ಮುಂದಿನದಕ್ಕೆ ಜಾಗವಿಲ್ಲ. ಅದನ್ನು ಹೊತ್ತೊಯ್ಯುವುದು ಗಾಳಿ.

ಆದ್ದರಿಂದ ಬಟ್ಟೆಯನ್ನು ಒತ್ತೊತ್ತಾಗಿ ಹಾಕಬೇಡಿ. ಎರಡು ಬಟ್ಟೆಗಳ ನಡುವೆ ಕೈ ಆಡುವಷ್ಟು ಜಾಗ ಇರಲಿ. ಪ್ಯಾಂಟ್ ಇದ್ದರೆ ಒಳಮೈ ಹೊರಗೆ ಮಾಡಿ, ಜೇಬು ಎಳೆದು ಹೊರಗೆ ಬಿಡಿ, ಸೊಂಟದ ಪಟ್ಟಿ ಮೇಲೆ ಬರುವಂತೆ ನೇತುಹಾಕಿ. ದಪ್ಪ ಇರುವ ಕಡೆ ನೀರು ಕೂತಿರುತ್ತದೆ, ಗಾಳಿ ಮೊದಲು ಅಲ್ಲಿಗೆ ತಾಗಬೇಕು. ಅವಸರ ಇದ್ದರೆ ಹಿಂಡಿದ ಬಟ್ಟೆಯನ್ನು ಒಣ ಟವೆಲ್ ಮೇಲೆ ಹಾಸಿ, ಸುತ್ತಿ, ಮಂಡಿಯೂರಿ ಒತ್ತಿ. ಆಮೇಲೆ ಫ್ಯಾನ್ ಕೆಳಗೆ ಹಾಕಿ. ಬಾಗಿಲು, ಕಿಟಕಿ ಪೂರ್ತಿ ಮುಚ್ಚಿ ಫ್ಯಾನ್ ಹಾಕಿದರೆ ಮಾತ್ರ ಪ್ರಯೋಜನ ಕಡಿಮೆ. ಬಟ್ಟೆಯ ನೀರೆಲ್ಲ ಕೋಣೆಯ ಗಾಳಿಗೆ ಸೇರಿ, ಗೋಡೆಗೆ ಬೂಸ್ಟು ಹಿಡಿಯುತ್ತದೆ. ಮಳೆ ಸ್ವಲ್ಪ ಹೊಳವಾದಾಗ ಎದುರುಬದುರು ಕಿಟಕಿ ತೆಗೆದಿಡಿ. ಮಲಗುವ ಕೋಣೆಯಲ್ಲಂತೂ ಒದ್ದೆ ಬಟ್ಟೆ ಬೇಡ.

ಬಿಸಿಲು, ಗಾಳಿ ಎರಡೂ ಕೂಡಿ ಏನು ಮಾಡುತ್ತವೆ ಅಂತ ಕಣ್ಣಾರೆ ನೋಡಬೇಕಾದರೆ ಬೇಸಿಗೆಯಲ್ಲಿ ಗೋಕರ್ಣದ ಹತ್ತಿರದ ಸಾಣಿಕಟ್ಟಾಕ್ಕೆ ಹೋಗಿ. ಅಲ್ಲಿಯ ಉಪ್ಪಿನ ಆಗರಗಳಲ್ಲಿ ಉಬ್ಬರದ ನೀರನ್ನು ಒಳಗೆ ಬಿಟ್ಟುಕೊಂಡು, ತೆಳ್ಳಗೆ ಹರಡಿ, ಒಂದು ಪಾತಿಯಿಂದ ಇನ್ನೊಂದಕ್ಕೆ ದಾಟಿಸುತ್ತಾರೆ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಇರುವುದು ಸುಮಾರು 35 ಗ್ರಾಂ ಲವಣ ಅಷ್ಟೇ. ಹತ್ತರಲ್ಲಿ ಒಂಬತ್ತು ಪಾಲು ನೀರು ಆರಿದ ಮೇಲೆ ಉಪ್ಪು ಹರಳುಗಟ್ಟುತ್ತದೆ. ಒಂದು ಕಡ್ಡಿ ಸೌದೆ ಬೇಡ. ನೀರು ಮಾತ್ರ ಮೇಲೇಳುತ್ತದೆ, ಉಪ್ಪು ಕೆಳಗೇ ಉಳಿಯುತ್ತದೆ. ಅರಬ್ಬೀ ಸಮುದ್ರದ ಉಪ್ಪುನೀರಿನಿಂದ ಎದ್ದ ಆವಿ ಆಗುಂಬೆಯಲ್ಲಿ ಸಿಹಿನೀರಾಗಿ ಸುರಿಯುವುದು ಹಾಗಾಗಿಯೇ. ನಿಮ್ಮ ಬಚ್ಚಲಿನ ನಲ್ಲಿಗೆ ಕಟ್ಟುವ ಬಿಳಿ ಕಲೆಯೂ ಇದೇ ಕಥೆ. ಬೋರ್‌ವೆಲ್ ನೀರಿನ ಹನಿ ಅಲ್ಲೇ ಆರಿದರೆ ಅದರೊಳಗಿನ ಸುಣ್ಣ ಅಂಟಿಕೊಳ್ಳುತ್ತದೆ. ಸ್ನಾನ ಆದಮೇಲೆ ಒಣಬಟ್ಟೆಯಲ್ಲಿ ಒಮ್ಮೆ ಒರೆಸಿಬಿಡಿ. ಕಲೆ ಕಟ್ಟಿದ್ದರೆ ನಿಂಬೆ ಹೋಳಿನಿಂದ ಉಜ್ಜಿ, ಸ್ವಲ್ಪ ಹೊತ್ತು ಬಿಟ್ಟು ತೊಳೆಯಿರಿ.

ಸಂಡಿಗೆ, ಹಪ್ಪಳಕ್ಕೂ ಆಗರದ ಲೆಕ್ಕವೇ. ತೆಳ್ಳಗೆ ಹರಡಬೇಕು. ದಪ್ಪ ಇಟ್ಟರೆ ಮೇಲೆ ಗಟ್ಟಿಯಾಗಿ ಒಳಗೆ ಹಸಿ ಉಳಿಯುತ್ತದೆ, ಡಬ್ಬಿಯಲ್ಲಿ ಕೂತು ಬೂಸ್ಟು ಬರುತ್ತದೆ. ಬೆಳಿಗ್ಗೆಯೇ ಇಡಿ, ಮಧ್ಯಾಹ್ನ ಒಮ್ಮೆ ಮಗುಚಿ, ಸಂಜೆ ಇಬ್ಬನಿ ಬೀಳುವ ಮೊದಲು ಒಳಗೆ ತನ್ನಿ. ಮುರಿದಾಗ ಟಕ್ ಅಂತ ಸದ್ದು ಬರಬೇಕು. ಬಾಗಿದರೆ ಇನ್ನೊಂದು ಬಿಸಿಲು ಬೇಕು.

ಇನ್ನು ಮಣ್ಣಿನ ಮಡಕೆ. ಫ್ರಿಜ್ ಇದ್ದರೂ ಬೇಸಿಗೆಯಲ್ಲಿ ಮಡಕೆ ನೀರೇ ಕುಡಿಯಿರಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಮಡಕೆಯ ಸಣ್ಣ ಸಣ್ಣ ರಂಧ್ರಗಳಿಂದ ನೀರು ಹೊರಮೈಗೆ ಜಿನುಗಿ ಆವಿಯಾಗುತ್ತದೆ. ಹಾಗೆ ಹೋಗುವಾಗ ಒಳಗಿನ ನೀರಿನ ಕಾವನ್ನು ಎಳೆದುಕೊಂಡು ಹೋಗುತ್ತದೆ. ಅಂದಮೇಲೆ ಮಡಕೆಯನ್ನು ಅಡುಗೆಮನೆ ಮೂಲೆಗೆ ತುರುಕಿದರೆ ತಂಪಾಗುವುದು ಹೇಗೆ? ನೆರಳು ಇರಬೇಕು, ಗಾಳಿ ಆಡಬೇಕು. ಕಿಟಕಿ ಪಕ್ಕ ಒಳ್ಳೆಯ ಜಾಗ. ಒದ್ದೆ ಮರಳಿನ ಮೇಲೆ ಕೂರಿಸಿ, ಹೊರಗೆ ಒದ್ದೆ ಬಟ್ಟೆ ಸುತ್ತಿದರೆ ಇನ್ನೂ ತಂಪು. ಅಂದಕ್ಕೆ ಅಂತ ಪೇಂಟ್ ಬಳಿದ ಮಡಕೆ ತರಬೇಡಿ, ರಂಧ್ರ ಮುಚ್ಚಿಹೋಗಿರುತ್ತದೆ. ಸೋಪು ಹಾಕಿ ತೊಳೆಯಬೇಡಿ, ತೆಂಗಿನ ನಾರು, ನೀರು ಸಾಕು. ಗಡಸು ನೀರು ತುಂಬಿಸಿದರೆ ಕಾಲಕ್ರಮೇಣ ಸುಣ್ಣ ಕಟ್ಟಿ ಜಿನುಗುವುದು ಕಡಿಮೆಯಾಗುತ್ತದೆ. ಹೊರಮೈ ಮುಟ್ಟಿದಾಗ ಪಸೆ ಸಿಗುತ್ತಿಲ್ಲ ಅಂದರೆ ಹೊಸ ಮಡಕೆ ತನ್ನಿ.

ಒಂದು ಮಾತು ನೆನಪಿಡಿ. ರಾಯಚೂರಿನ ಒಣ ಸೆಕೆಯಲ್ಲಿ ತಂಪು ಕೊಟ್ಟ ಮಡಕೆ ಮಂಗಳೂರಿನಲ್ಲಿ ಅಷ್ಟು ಕೊಡುವುದಿಲ್ಲ. ಕರಾವಳಿಯ ಗಾಳಿ ಮೊದಲೇ ತೇವದಿಂದ ತುಂಬಿರುತ್ತದೆ. ಬೆವರು ಅಲ್ಲಿ ಮೈಮೇಲೆ ಹಾಗೇ ಅಂಟಿಕೊಂಡು ಕೂರುವುದೂ ಇದರಿಂದಲೇ. ಬಯಲುಸೀಮೆಯಿಂದ ಕರಾವಳಿಗೆ ವರ್ಗವಾದವರು ನೀರು ತುಂಬಿಸುವ ಏರ್ ಕೂಲರ್ ಹೊತ್ತುಕೊಂಡು ಹೋಗಬೇಡಿ, ಸುಮ್ನೆ ದಂಡ.

ನೀರು ಆವಿಯಾಗುವಾಗ ಎಷ್ಟು ಕಾವು ತಿನ್ನುತ್ತದೆ ಅಂತ ಒಲೆಯ ಮುಂದೆ ಗೊತ್ತಾಗುತ್ತದೆ. ತಣ್ಣೀರನ್ನು ಕುದಿಗೆ ತರಲು ಬೇಕಾದ ಶಾಖಕ್ಕಿಂತ, ಕುದಿಯುವ ಅದೇ ನೀರನ್ನು ಪೂರ್ತಿ ಆವಿ ಮಾಡಲು ಐದು ಪಟ್ಟಿಗಿಂತ ಜಾಸ್ತಿ ಬೇಕು. ಬೇಳೆ ಕುದಿ ಬಂದಮೇಲೂ ಉರಿ ದೊಡ್ಡದಿಟ್ಟರೆ ಬೇಳೆ ಬೇಗ ಬೇಯುವುದಿಲ್ಲ, ಗ್ಯಾಸೆಲ್ಲ ಹಬೆಯಾಗಿ ಹೋಗುತ್ತದೆ. ಉರಿ ತಗ್ಗಿಸಿ, ಮುಚ್ಚಳ ಹಾಕಿ. ಸಾರು ಗಟ್ಟಿಯಾಗಬೇಕಾದಾಗ ಮಾತ್ರ ಮುಚ್ಚಳ ತೆಗೆಯಿರಿ, ಅಗಲ ಬಾಯಿಯ ಪಾತ್ರೆ ಬಳಸಿ.

ಗಿಡಗಳ ವಿಷಯದಲ್ಲಿ ಇದೆಲ್ಲ ತಿರುಗುಮುರುಗು. ಅಲ್ಲಿ ನಾವು ಆವಿಯನ್ನು ತಡೆಯಬೇಕು. ಉರಿಬಿಸಿಲಲ್ಲಿ ನೀರು ಹಾಕಿದರೆ ಬೇರು ಕುಡಿಯುವ ಮೊದಲೇ ಒಂದಷ್ಟು ಗಾಳಿಪಾಲು. ಬೆಳಿಗ್ಗೆ ಬೇಗ ಹಾಕಿ, ಬುಡಕ್ಕೆ ಹಾಕಿ. ಬರಿಮಣ್ಣು ಬಿಸಿಲಿಗೆ ಕಾಣದಂತೆ ತರಗೆಲೆ ಹೊದಿಸಿ. ಮಲೆನಾಡಿನ ತೋಟದಲ್ಲಿ ಅಡಿಕೆ ಬುಡಕ್ಕೆ ದರಕು, ಸೋಗೆ ಹಾಕುವುದರಲ್ಲಿ ಇದೂ ಒಂದು ಲಾಭ. ಪಟ್ಟಣದಲ್ಲಿ ತರಗೆಲೆ ಸಿಗದಿದ್ದರೆ ಎಳನೀರಿನ ಬುರುಡೆಯ ನಾರು ಬಿಡಿಸಿ ಹರಡಿ. ಊರಿಗೆ ಹೋಗುವಾಗ ಕುಂಡಗಳನ್ನೆಲ್ಲ ನೆರಳಿಗೆ ಸರಿಸಿ, ಒಂದಕ್ಕೊಂದು ಒತ್ತಿ ಇಡಿ. ಬಟ್ಟೆಗೆ ಬೇಡ ಅಂದ ಒತ್ತಡ ಇಲ್ಲಿ ಬೇಕು. ಎಲೆಗಳಿಂದ ಎದ್ದ ತೇವ ಅಲ್ಲೇ ನಿಂತು, ಮಣ್ಣು ಎರಡು ದಿನ ಜಾಸ್ತಿ ಹಸಿಯಾಗಿರುತ್ತದೆ.