ಹಳೆಯ ಗೇಮಿಂಗ್ ಕಂಪ್ಯೂಟರಿಗೆ ವಿಂಡೋಸ್ 11 ಹಾಕಬೇಕೇ?

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ತುಮಕೂರಿನ ಮನೆಗಳಲ್ಲೂ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಬಾಡಿಗೆ ಕೋಣೆಗಳಲ್ಲೂ ಏಳೆಂಟು ವರ್ಷದ ಗೇಮಿಂಗ್ ಕಂಪ್ಯೂಟರ್ ಇಟ್ಟುಕೊಂಡಿರುವವರು, ಅದನ್ನು ಹೊತ್ತು ಬಿ.ಎಚ್. ರಸ್ತೆಯ ಅಂಗಡಿಗೆ ಹೋಗುವ ಮೊದಲು, ಕೆಲವು ಸಂಗತಿಗಳನ್ನು ತಾವೇ ಪರಿಶೀಲಿಸುವುದು ಒಳ್ಳೆಯದು.

ಮೊದಲು ಪ್ರೊಸೆಸರ್ ನೋಡಿ. ಇಂಟೆಲ್‌ನಲ್ಲಿ ಎಂಟನೆಯ ತಲೆಮಾರಿನಿಂದ, ಎಎಂಡಿಯಲ್ಲಿ ರೈಜನ್ 2000 ಸರಣಿಯಿಂದ ಮುಂದಿನವುಗಳಿಗೆ ಸಾಮಾನ್ಯವಾಗಿ ವಿಂಡೋಸ್ 11ರ ಅರ್ಹತೆಯಿದೆ. ಆದರೆ ಕಡಿಮೆ ಬೆಲೆಯ ಕಾರಣಕ್ಕೆ ಅನೇಕರು ಕೊಂಡ ರೈಜನ್ 2200ಜಿ ಮತ್ತು 2400ಜಿ ಆ ಪಟ್ಟಿಯಲ್ಲಿಲ್ಲ. ಪ್ರೊಸೆಸರ್ ಸರಿಯಿದ್ದೂ 'ಅರ್ಹವಲ್ಲ' ಎಂಬ ಸಂದೇಶ ಬಂದರೆ, ಬಹುತೇಕ ಸಂದರ್ಭಗಳಲ್ಲಿ ಬಯೋಸ್‌ನಲ್ಲಿ (ಕಂಪ್ಯೂಟರ್ ಆನ್ ಆದೊಡನೆ ಮೊದಲು ನಡೆಯುವ ಮದರ್‌ಬೋರ್ಡಿನ ಮೂಲ ತಂತ್ರಾಂಶ) ಟಿಪಿಎಂ, ಅಂದರೆ ಭದ್ರತಾ ಕೀಲಿಗಳನ್ನು ಕಾಪಾಡುವ ವ್ಯವಸ್ಥೆ, ಆಫ್ ಆಗಿರುತ್ತದೆ. ಅದು ಇಂಟೆಲ್ ಬೋರ್ಡುಗಳಲ್ಲಿ ಪಿಟಿಟಿ, ಎಎಂಡಿ ಬೋರ್ಡುಗಳಲ್ಲಿ ಎಫ್‌ಟಿಪಿಎಂ ಎಂಬ ಹೆಸರಿನಲ್ಲಿರುತ್ತದೆ. ವಿಂಡೋಸ್ 11ಕ್ಕೆ ಯುಇಎಫ್‌ಐ ಎಂಬ ಹೊಸ ಬೂಟ್ ವಿಧಾನವೂ ಬೇಕು, ಆದರೆ ವಿಂಡೋಸ್ ಇರುವ ಡಿಸ್ಕ್‌ನ ವಿಭಾಗಗಳು ಹಳೆಯ ಎಂಬಿಆರ್ ಮಾದರಿಯಲ್ಲಿದ್ದರೆ, ಅದನ್ನು ಹೊಸ ಜಿಪಿಟಿ ಮಾದರಿಗೆ ಪರಿವರ್ತಿಸದೆ ಬಯೋಸ್ ಅನ್ನು ಯುಇಎಫ್‌ಐಗೆ ಬದಲಿಸಬಾರದು. ಬದಲಿಸಿದರೆ ಕಂಪ್ಯೂಟರ್ ಬೂಟ್ ಆಗುವುದಿಲ್ಲ. ಬಯೋಸ್ ಅನ್ನೇ ಅಪ್‌ಡೇಟ್ ಮಾಡಬೇಕಾಗಿ ಬಂದರೆ ಯುಪಿಎಸ್ ಇಲ್ಲದೆ ಕೈಹಾಕಲೇಬೇಡಿ, ಏಕೆಂದರೆ ನಡುವೆ ಕರೆಂಟ್ ಹೋದರೆ ಮದರ್‌ಬೋರ್ಡೇ ಕೆಡಬಹುದು.

ಇನ್ನು ನೀವು ಆಡುವ ಆಟಗಳು. ಆನ್‌ಲೈನ್ ಶೂಟಿಂಗ್ ಆಟ ವಾಲರಂಟ್ ವಿಂಡೋಸ್ 11ರಲ್ಲಿ ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ (ನಂಬಲರ್ಹ ತಂತ್ರಾಂಶವನ್ನಷ್ಟೇ ಬೂಟ್ ಆಗಲು ಬಿಡುವ ವ್ಯವಸ್ಥೆ) ಎರಡನ್ನೂ ಕೇಳುತ್ತದೆ. ಆದ್ದರಿಂದ ಅರ್ಹತೆಯಿಲ್ಲದ ಯಂತ್ರಕ್ಕೆ ಅಡ್ಡದಾರಿಯಲ್ಲಿ ವಿಂಡೋಸ್ 11 ಹಾಕಿಕೊಟ್ಟರೂ, ಇವೆರಡು ಇಲ್ಲದಿದ್ದರೆ ಆ ಆಟ ನಡೆಯುವುದಿಲ್ಲ. ಅಂಥ ಯಂತ್ರಕ್ಕೆ ಮುಂದಿನ ಅಪ್‌ಡೇಟ್‌ಗಳು ಬಂದೇ ಬರುತ್ತವೆಂಬ ಭರವಸೆಯನ್ನೂ ಮೈಕ್ರೋಸಾಫ್ಟ್ ಕೊಡುವುದಿಲ್ಲ. ಅರ್ಹತೆಯಿಲ್ಲದ, ಇಂಟೆಲ್‌ನ ಏಳನೆಯ ತಲೆಮಾರಿನ ಐ5 ಪ್ರೊಸೆಸರ್ ಇರುವವರು 2026ರ ಅಕ್ಟೋಬರ್ 13ರವರೆಗಿನ ವಿಸ್ತರಿತ ಭದ್ರತಾ ಅಪ್‌ಡೇಟ್‌ಗೆ ನೋಂದಾಯಿಸಿಕೊಂಡು ವಿಂಡೋಸ್ 10ರಲ್ಲಿಯೇ ಉಳಿಯುವುದು ಲೇಸೆಂದು ನನ್ನ ಅಭಿಪ್ರಾಯ. ಆಟಗಳ ಆನ್‌ಲೈನ್ ಮಳಿಗೆ ಸ್ಟೀಮ್‌ನ ಒಬ್ಬರೇ ಆಡುವ ಆಟಗಳಷ್ಟೇ ಸಾಕೆನ್ನುವವರಿಗೆ ವಿಂಡೋಸ್ ಬದಲಿಗೆ ಉಚಿತ ಲಿನಕ್ಸ್ ಕೂಡ ಒಳ್ಳೆಯ ದಾರಿ.

ಹೊಸ ವಿಂಡೋಸ್‌ನಿಂದ ಆಟದ ವೇಗ ಹೆಚ್ಚುತ್ತದೆಂಬ ನಿರೀಕ್ಷೆ ಮಾತ್ರ ಬೇಡ. ಹಾರ್ಡ್ ಡಿಸ್ಕ್‌ನಲ್ಲಿಯೇ ವಿಂಡೋಸ್ ನಡೆಯುತ್ತಿದ್ದರೆ, ಕೈಯಲ್ಲಿರುವ ಹಣವನ್ನು ಮೊದಲು ಅದಕ್ಕಿಂತ ವೇಗದ ಸಂಗ್ರಹ ಸಾಧನವಾದ ಎಸ್‌ಎಸ್‌ಡಿಗೆ ಹಾಕಿ. ಕಂಪ್ಯೂಟರ್ ಆನ್ ಆಗುವಾಗಲೂ ಆಟ ತೆರೆದುಕೊಳ್ಳುವಾಗಲೂ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ.

ಬದಲಿಸುವುದೆಂದು ತೀರ್ಮಾನಿಸಿದರೆ ಫೋಟೋ, ಪ್ರಾಜೆಕ್ಟ್ ಫೈಲ್ ಮತ್ತು ಆಟದ ಸೇವ್ ಫೈಲ್‌ಗಳನ್ನು ಬೇರೊಂದು ಡಿಸ್ಕ್‌ಗೆ ನಕಲು ಮಾಡಿಕೊಂಡೇ ಮುಂದುವರಿಯಿರಿ. ವಿಂಡೋಸ್ 10ಕ್ಕೆ ಮರಳುವ ಅವಕಾಶ ಸಾಮಾನ್ಯವಾಗಿ 10 ದಿನ ಮಾತ್ರ ಇರುವುದರಿಂದ, ಅಷ್ಟರೊಳಗೆ ನಿಮ್ಮ ಎಲ್ಲ ಆಟಗಳನ್ನೂ ಒಮ್ಮೆ ಆಡಿ ನೋಡಿ, ಅಲ್ಲಿಯತನಕ ಜಾಗ ಉಳಿಸಲೆಂದು ಹಳೆಯ ವಿಂಡೋಸ್‌ನ ಫೋಲ್ಡರ್ ಅಳಿಸಬೇಡಿ.