ಒಂದು ದಿಂಡು, ಹದಿನಾರು ವಿಂಗು: ಲೌಖ್‌ಷ್ಟೆಟ್ ರಂಗಯಂತ್ರದ ಮಾದರಿ, ನನ್ನ ಅನುಭವ

ಮೋಟಾರಿಲ್ಲದೆ, ಒಂದೇ ಹಿಡಿಕೆಯಲ್ಲಿ ಹದಿನಾರು ಸೈಡ್‌ವಿಂಗ್ (ರಂಗದ ಎರಡೂ ಬದಿಗೆ ನಿಲ್ಲುವ ದೃಶ್ಯದ ಚಿತ್ರಫಲಕ) ಒಟ್ಟಿಗೆ ಸರಿಸುವುದು ಹಳೆಯ ರಂಗಮಂದಿರದ ಪುಟ್ಟ ಮಾದರಿಯಲ್ಲಿ ಆಗದ ಮಾತು ಎಂದವರೇ ಹೆಚ್ಚು. ವಿಂಗಿಗೊಂದು ಸರ್ವೋ ಮೋಟಾರ್ (ಹೇಳಿದಷ್ಟೇ ತಿರುಗಿ ನಿಲ್ಲುವ ಪುಟ್ಟ ಮೋಟಾರ್) ಹಾಕಿ ಎಂದರು. ಈಗ ಹಿಡಿಕೆಯ ಒಂದೇ ಸುತ್ತಿಗೆ, ಎರಡು ಮೂರು ಸೆಕೆಂಡಿನಲ್ಲಿ, ಕಾಡು ಹೋಗಿ ಅರಮನೆ ಬಂದು ನಿಲ್ಲುತ್ತದೆ. ಇನ್ನೂರು ಸಲಕ್ಕೂ ಹೆಚ್ಚು ತಿರುಗಿಸಿ ನೋಡಿದ್ದೇನೆ, ಒಂದು ದಾರವೂ ಹಾರಿಲ್ಲ.

ಮಾದರಿಗೆ ಆರಿಸಿಕೊಂಡದ್ದು ಜರ್ಮನಿಯ ಹಾಲೆ ನಗರದ ಹತ್ತಿರವಿರುವ ಬಾಡ್ ಲೌಖ್‌ಷ್ಟೆಟ್‌ನ ರಂಗಮಂದಿರ. ಊರು ಬೆಳೆದದ್ದು 1700ರ ಸುಮಾರಿಗೆ ಹೆಸರಾದ ಔಷಧಿ ನೀರಿನ ಬುಗ್ಗೆಯಿಂದ. ಬೇಸಿಗೆಯಲ್ಲಿ ನೀರು ಕುಡಿಯಲು, ಮೀಯಲು ಸಿರಿವಂತರು ಬರುತ್ತಿದ್ದರು, ನಾಟಕಕ್ಕೆ ಹಾಲೆಯ ವಿದ್ಯಾರ್ಥಿಗಳೂ ಸೇರುತ್ತಿದ್ದರು. 1791ರಿಂದ ಜರ್ಮನ್ ಕವಿ ಗಯಟೆಯ ಉಸ್ತುವಾರಿಯಲ್ಲಿದ್ದ ವೈಮಾರ್ ಆಸ್ಥಾನದ ನಾಟಕ ತಂಡ ಬೇಸಿಗೆಗೆ ಇಲ್ಲಿಗೇ ಬರುತ್ತಿತ್ತು. ಹಳೆಯ ಮರದ ಕೊಟ್ಟಿಗೆಯಂಥ ರಂಗ ಸಾಲದೆ, ವಾಸ್ತುಶಿಲ್ಪಿ ಹೈನ್ರಿಖ್ ಗೆಂಟ್ಸ್ ಕೈಯಲ್ಲಿ ಹೊಸದು ಎದ್ದಿತು. 1802ರ ಜೂನ್ 26ರಂದು ಗಯಟೆ ಅದಕ್ಕೆಂದೇ ಬರೆದ ನಾಂದಿ ನಾಟಕ ಮತ್ತು ಮೊಜಾರ್ಟನ ‘ಟೈಟಸ್’ ಆಪೆರಾದೊಂದಿಗೆ ಬಾಗಿಲು ತೆರೆಯಿತು. 1834ರಲ್ಲಿ ಇಪ್ಪತ್ತೊಂದು ವರ್ಷದ ಸಂಗೀತಕಾರ ವಾಗ್ನರ್ ಮೊದಲ ಸಲ ಆಪೆರಾದ ವಾದ್ಯವೃಂದ ನಿರ್ದೇಶಕನಾಗಿ ಕೋಲು ಹಿಡಿದದ್ದೂ ಈ ಊರಿನಲ್ಲೇ. ಇದನ್ನೇ ಹಿಡಿದುಕೊಂಡದ್ದಕ್ಕೆ ಕಾರಣ ಬೇರೆ: ಇಲ್ಲಿನ ಮರದ ರಂಗಯಂತ್ರ ಇವತ್ತಿಗೂ ಕೈಯಿಂದಲೇ ನಡೆಯುತ್ತದೆ.

ನನ್ನದು ಅಳತೆಯ ನಕಲಲ್ಲ, ಆ ಕಾಲದ ಯಂತ್ರದ ತತ್ವದ ನಕಲು. ಎಡಕ್ಕೆ ನಾಲ್ಕು, ಬಲಕ್ಕೆ ನಾಲ್ಕು ತಾಣ, ತಾಣಕ್ಕೆರಡು ವಿಂಗು, ಒಂದು ಕಾಡಿನದು, ಒಂದು ಅರಮನೆಯದು. ಪ್ರತಿ ವಿಂಗಿನ ಕಾಲು ನೆಲದ ಸೀಳಿನಿಂದ ಕೆಳಗಿಳಿದು ನೆಲಮಾಳಿಗೆಯಲ್ಲಿ ಓಡುವ ಗಾಡಿಗೆ ಸೇರುತ್ತದೆ. ನಡುವೆ, ರಂಗದ ಮುಂದಿನಿಂದ ಹಿಂದಕ್ಕೆ, ಉದ್ದಕ್ಕೂ ಮಲಗಿದ ಒಂದು ದಿಂಡು, ಹಿಡಿಕೆ ತಿರುಗಿಸಿದರೆ ದಾರ ಸುತ್ತಿಕೊಳ್ಳುವ ಮರದ ಉರುಳೆ.

ಇನ್ನು ದಾರದ ದಾರಿ. ಒಂದು ತಾಣದ ಎರಡು ಗಾಡಿಗಳನ್ನು ಹೊರಗೋಡೆಯ ರಾಟೆ ಬಳಸಿ ಒಂದಕ್ಕೊಂದು ಕಟ್ಟಬೇಕು, ಒಂದು ಒಳಬಂದರೆ ಇನ್ನೊಂದು ತಾನಾಗಿ ಹೊರಹೋಗುತ್ತದೆ. ಎರಡರಿಂದಲೂ ದಿಂಡಿಗೆ ಒಂದೊಂದು ದಾರ, ಸುತ್ತು ಮಾತ್ರ ಒಂದಕ್ಕೊಂದು ವಿರುದ್ಧ. ಎಡಗಡೆಯ ‘ಕಾಡಿ’ನ ದಾರ ದಿಂಡಿನ ಮೇಲಿನಿಂದ ಹೊರಟರೆ ಬಲಗಡೆಯ ‘ಕಾಡಿ’ನದು ಕೆಳಗಿನಿಂದ ಹೊರಡಬೇಕು. ಇಲ್ಲಿ ಎಡವಿದರೆ ಎಡದಲ್ಲಿ ಕಾಡು, ಬಲದಲ್ಲಿ ಅರಮನೆ! ಒಟ್ಟು ಇಪ್ಪತ್ನಾಲ್ಕು ದಾರ.

ಮೊದಲ ದಿಂಡು ಕೆಟ್ಟದ್ದು ಲೆಕ್ಕದಲ್ಲಿ. ವಿಂಗು ಸರಿಯಬೇಕಾದದ್ದು ಹನ್ನೆರಡು ಸೆಂಟಿಮೀಟರ್. 38 ಮಿ.ಮೀ. ದಿಂಡಿನ ಸುತ್ತಳತೆ 119, ಸರಿಯಾಯಿತು ಎಂದುಕೊಂಡದ್ದೇ ತಪ್ಪು. 2 ಮಿ.ಮೀ. ದಾರ ಸುತ್ತಿದ ಮೇಲೆ ಲೆಕ್ಕಕ್ಕೆ ಬರುವುದು 40, ಸುತ್ತಿಗೆ ಸುಮಾರು 126. ಆ ಆರು ಮಿ.ಮೀ. ಹೆಚ್ಚುವರಿಗೆ ಗಾಡಿ ತಡೆಗೆ ಗುದ್ದಿ, ದಾರ ಬಿಗಿದು ಗಂಟು ಕಿತ್ತುಬಂತು. ಲೇತ್‌ನಲ್ಲಿ 36ಕ್ಕೆ ಇಳಿಸಿದ ಮೇಲೆ ಸರಿಹೋಯಿತು. ದಾರದ ಮೇಲೆ ದಾರ ಏರಿದರೂ ಇದೇ ಗತಿ, ಅದಕ್ಕೇ ಪ್ರತಿ ದಾರಕ್ಕೆ 8 ಮಿ.ಮೀ. ಜಾಗ ಬಿಟ್ಟು ನಡುವೆ ತೆಳು ಪ್ಲೈವುಡ್ ಬಿಲ್ಲೆ ಕೂರಿಸಿದೆ. ತುದಿಯಲ್ಲಿ ಒಂದೂವರೆ ಸುತ್ತು ಬಿಚ್ಚದೆ ಉಳಿಯಬೇಕು, ಎಳೆತವೆಲ್ಲ ಗಂಟಿನ ಮೇಲೆ ಬೀಳಬಾರದು.

ಎರಡನೆಯ ತೊಂದರೆ ಗಾಡಿಯ ಅಳತೆ. ಮೂವತ್ತು ಸೆಂಟಿಮೀಟರ್ ಎತ್ತರದ ವಿಂಗಿಗೆ ಐದು ಸೆಂಟಿಮೀಟರ್ ಗಾಡಿ ಸಾಲದು. ಕೆಳಗೆ ಎಳೆದಾಗ ಮೇಲ್ತುದಿ ಹಿಂದುಳಿದು ವಾಲುತ್ತದೆ, ಕಾಲು ಸೀಳಿನ ಅಂಚಿಗೆ ಕಚ್ಚಿಕೊಳ್ಳುತ್ತದೆ. ಒಂಬತ್ತಕ್ಕೆ ಉದ್ದ ಮಾಡಿ, ದಾರವನ್ನು ಚಕ್ರದ ಅಚ್ಚಿನ ಮಟ್ಟದಲ್ಲೇ ಕಟ್ಟಿದೆ. ಆಮೇಲೆ ಒಂದೂ ಕಚ್ಚಲಿಲ್ಲ. ಹಳಿಗೆ ಎಣ್ಣೆ ಬೇಡ, ಮರ ಹೀರಿಕೊಳ್ಳುತ್ತದೆ. ಮೇಣದಬತ್ತಿ ತಿಕ್ಕಿದರೆ ಸಾಕು. ಸೀಳಿನ ಒಳಮೈಗೆ ಪೆನ್ಸಿಲ್ ಪುಡಿ.

ಮಳೆಗಾಲ ಇನ್ನೊಂದು ಪಾಠ ಕಲಿಸಿತು. ಹೊಸೆದ ನೂಲುದಾರ ತೇವ ಹೀರಿದರೆ ಕುಗ್ಗುತ್ತದೆ, ಒಣಗಿದರೆ ಸಡಿಲ. ನಾಲ್ಕನೆಯ ತಾಣದ ವಿಂಗು ಬೆಳಿಗ್ಗೆ ಒಂದು ಜಾಗದಲ್ಲಿ, ಸಂಜೆ ಇನ್ನೊಂದರಲ್ಲಿ. ನೈಲಾನ್ ಹಾಕಿದರೆ ದಿಂಡಿನ ಮೇಲೆ ಜಾರಿತು. ಕೊನೆಗೆ ನೂಲುದಾರವನ್ನೇ ಉಳಿಸಿಕೊಂಡು, ಪ್ರತಿ ಗಾಡಿಗೂ ವೀಣೆಯ ಬಿರಡೆಯಂಥ ಪುಟ್ಟ ಮರದ ಗೂಟ ಕೊಟ್ಟೆ. ವಾರಕ್ಕೊಮ್ಮೆ ಶ್ರುತಿ ಮಾಡಿದ ಹಾಗೆ ತಿರುವುವುದು. ಇದು ನನಗೆ ಹೆಮ್ಮೆಯ ಭಾಗ, ಬೇರೆ ಮಾದರಿಗಳಲ್ಲಿ ನಾನು ಕಂಡಿಲ್ಲ. ದಾರಕ್ಕೆ ಮೊದಲೇ ಹಚ್ಚುವ ಲೇಪವೊಂದಿದೆ, ಅದರ ಪಾಕ ಮಾತ್ರ ನನ್ನಲ್ಲೇ ಇರಲಿ.

ದುಡ್ಡಿನ ವಿಚಾರ. ಪ್ರಿಂಟ್ ಮಾಡಿಸಿದ ಪ್ಲಾಸ್ಟಿಕ್ ರಾಟೆಗಳಿಗೆ ಎರಡೂವರೆ ಮೂರು ಸಾವಿರ ಹೋಯಿತು, ಅಂಚು ಒರಟಾಗಿ ದಾರ ಸವೆಸಿದವು, ಎಲ್ಲ ಬಿಸಾಡಿದೆ. ಹಿತ್ತಾಳೆಯವು ತಲಾ ಎಪ್ಪತ್ತರ ಆಸುಪಾಸು. ದಿಂಡಿಗೆ ಹಳೆಯ ತೇಗ, ಲೇತ್ ಕೂಲಿ ಎರಡು ಸಲ ಸೇರಿ ಒಂಬೈನೂರು. ಹಸಿ ಮರದ ದಿಂಡು ಬಾಗಿತು, ಅದೂ ನಷ್ಟವೇ. ಎಲ್ಲ ಸೇರಿ ಹನ್ನೊಂದು ಸಾವಿರದ ಹತ್ತಿರ. ಸರ್ವೋ ದಾರಿ ಹಿಡಿದಿದ್ದರೆ ಇದಕ್ಕಿಂತ ಹೆಚ್ಚೇ ಆಗುತ್ತಿತ್ತು.

ನಡುವೆ ಗುಡುಗಿನ ಹುಚ್ಚು ಹಿಡಿಯಿತು. 1803ರ ಜುಲೈನಲ್ಲಿ ಇದೇ ಲೌಖ್‌ಷ್ಟೆಟ್ ಮಂದಿರದಲ್ಲಿ ನಾಟಕಕಾರ ಷಿಲ್ಲರ್ ತಾನೇ ಕೂತು ನೋಡುತ್ತಿದ್ದಾಗ, ಅವನ ‘ಮೆಸ್ಸಿನಾದ ವಧು’ ನಾಟಕದ ನಡುವೆ ನಿಜವಾದ ಗುಡುಗು ಮಳೆ ಬಂದು ನಟರ ಮಾತೇ ಕೇಳದಂತಾಯಿತು. ಬೇಸಿಗೆಗೆಂದು ಹಗುರವಾಗಿ ಕಟ್ಟಿದ ಮಂದಿರದಲ್ಲಿ ಅದು ಆಗುವಂಥದ್ದೇ. ಆ ಕಾಲದ ರಂಗಗಳಲ್ಲಿ ಗುಡುಗಿನ ಸದ್ದಿಗೆ ಮರದ ದೋಣಿಯಲ್ಲಿ, ಅಂದರೆ ಉದ್ದನೆಯ ತೊಟ್ಟಿಯಲ್ಲಿ, ಗುಂಡು ಉರುಳಿಸುತ್ತಿದ್ದರು. ನಾನು ಸೈಕಲ್ ಬೇರಿಂಗ್ ಗುಂಡುಗಳನ್ನು ಅರವತ್ತು ಸೆಂಟಿಮೀಟರ್ ದೋಣಿಗೆ ಬಿಟ್ಟೆ. ದೋಣಿಯೊಳಗಿನ ಅಡ್ಡಪಟ್ಟಿ ಸಮ ಅಂತರದಲ್ಲಿದ್ದರೆ ಹೊಲಿಗೆ ಯಂತ್ರದ ಸದ್ದು, ಅಂತರ ಏರುಪೇರು ಮಾಡಿದರೆ ಗುಡುಗು. ದೋಣಿಯ ಕೆಳಗೆ ಖಾಲಿ ಪೆಟ್ಟಿಗೆ ಇರಲೇಬೇಕು, ಮೇಜಿನ ಮೇಲೆ ನೇರ ಇಟ್ಟರೆ ಸದ್ದು ಸಾಯುತ್ತದೆ.

ಈಗ ಉಳಿದಿರುವುದು ರಂಗದ ಮೇಲ್ಗಡೆ ತೂಗುವ, ಮೋಡದ ಚಿತ್ರವಿರುವ ಪಟ್ಟಿಗಳು. ಅವು ಏರಬೇಕಾದದ್ದು ಒಂಬತ್ತು ಸೆಂಟಿಮೀಟರ್ ಮಾತ್ರ. ದೊಡ್ಡ ದಿಂಡಿನ ಅಚ್ಚಿನದೇ ಹಿಂತುದಿಗೆ 27 ಮಿ.ಮೀ. ದಪ್ಪದ ಸಣ್ಣ ದಿಂಡು ಸೇರಿಸಿ, ಭಾರಕ್ಕೆ ಸೀಸದ ತುಂಡು ಕಟ್ಟಿ ತೂಗಿ ನೋಡುತ್ತಿದ್ದೇನೆ.